ಸಹ್ಯಾದ್ರಿಯ ಬಂಡೆಗೆ ಮೊದಲ ಸಲ ಹೊರಟವರಿಗೆ

ದೀಪಾವಳಿ ಕಳೆದು ಪುಣೆಯ ಬೆಳಗಿಗೆ ಸ್ವೆಟರ್ ಬೇಕೆನಿಸುವಷ್ಟು ಚಳಿ ಬಂತೆಂದರೆ ನನಗೆ ಫೋನು ಬರಲು ಶುರು. “ಅಕ್ಕಾ, ನಮ್ಮ ಆಫೀಸಿನವರು ರಾಕ್ ಕ್ಲೈಂಬಿಂಗ್‌ಗೆ ಹೊಂಟಾರ್ರೀ. ನನಗೂ ಆಗ್ತದೇನು?” ಹಿಂಜವಡಿಯ ಹುಡುಗರು, ಚಿಂಚವಡದ ಕಾರ್ಖಾನೆಗಳಲ್ಲಿರುವ ನಮ್ಮ ಕಡೆಯವರು, ಡೊಂಬಿವಲಿಯಿಂದ ಚಿಕ್ಕಮ್ಮನ ಮಗಳು, ಎಲ್ಲರದೂ ಇದೇ ಪ್ರಶ್ನೆ. ನಾನು ಧಾರವಾಡದಿಂದ ಇಲ್ಲಿಗೆ ಬಂದು ಹದಿನಾಲ್ಕು ವರ್ಷವಾಯಿತು. ಅದರಲ್ಲಿ ಹನ್ನೊಂದು ವರ್ಷ ಚಳಿಗಾಲದ ಭಾನುವಾರಗಳು ಬಂಡೆಯ ಬುಡದಲ್ಲೇ ಕಳೆದಿವೆ. ವೃತ್ತಿಯಿಂದ ನಾನು ಗೈಡ್ ಅಲ್ಲ, ಹೊಸಬರನ್ನು ಒಳ್ಳೆಯ ಗೈಡ್ ಬಳಿ ಕರೆದುಕೊಂಡು ಹೋಗುತ್ತೇನೆ, ಅಷ್ಟೆ. ಫೋನಿನಲ್ಲಿ ತುಂಡುತುಂಡಾಗಿ ಹೇಳುತ್ತಿದ್ದುದನ್ನು ಈಗ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಆಗುತ್ತದೆ. ಏಣಿ ಹತ್ತಬಲ್ಲ, ಒಂದು ಗಂಟೆ ಗುಡ್ಡದ ದಾರಿ ನಡೆಯಬಲ್ಲ ಯಾರಿಗಾದರೂ ಮೊದಲ ದಿನದ ಬಂಡೆ ಆಗುತ್ತದೆ. ಆದರೆ ಗೈಡ್ ಇದ್ದಾರೆ, ಎಲ್ಲ ಅವರೇ ನೋಡಿಕೊಳ್ಳುತ್ತಾರೆ ಎಂದು ಕಣ್ಣು ಮುಚ್ಚಿಕೊಂಡು ಮಾತ್ರ ಹೋಗಬೇಡಿ. ಹಗ್ಗ ಕಟ್ಟಿದವರು ಅವರೇ ಇರಬಹುದು, ಕಟ್ಟಿರುವುದು ನಿಮ್ಮ ಸೊಂಟಕ್ಕೆ.

ಆ ದಿನ ನಡೆಯುವುದೇನು

ನಮ್ಮವರಿಗೆ ಬಂಡೆ ಏರುವುದು ಎಂದ ಕೂಡಲೇ ಚಿತ್ರದುರ್ಗದ ಕೋಟೆಗೋಡೆಯನ್ನು ಬರಿಗೈಲಿ ಹತ್ತುವ ಜ್ಯೋತಿರಾಜ್ ನೆನಪಾಗುತ್ತಾರೆ. ನೀವು ಮಾಡಲು ಹೊರಟಿರುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಹೊಸಬರಿಗೆ ಗೈಡ್‌ಗಳು ಮಾಡಿಸುವುದು ಟಾಪ್ ರೋಪ್. ಬಂಡೆಯ ನೆತ್ತಿಯಲ್ಲಿ ಮೊದಲೇ ಆಂಕರ್, ಅಂದರೆ ಹಗ್ಗದ ಭಾರ ಹೊರುವ ಭದ್ರ ಆಸರೆ, ಹಾಕಿ ಹಗ್ಗವನ್ನು ಅದರ ಮೂಲಕ ತೂರಿಸಿರುತ್ತಾರೆ. ಹಗ್ಗದ ಒಂದು ತುದಿ ನಿಮ್ಮ ಸೊಂಟ, ತೊಡೆಗೆ ಬಿಗಿಯುವ ಪಟ್ಟಿಗಳ ಹಾರ್ನೆಸ್‌ಗೆ, ಇನ್ನೊಂದು ಕಡೆ ಕೆಳಗೆ ನಿಂತವರ ಕೈಯಲ್ಲಿ. ಬಾವಿಯ ರಾಟೆಗೆ ಹಗ್ಗ ಹಾಕಿದಂತೆ ಎಂದುಕೊಳ್ಳಿ. ನೀವು ಏರಿದಷ್ಟೂ ಕೆಳಗಿನವರು ಸಡಿಲವನ್ನು ಎಳೆದುಕೊಳ್ಳುತ್ತ ಹೋಗುತ್ತಾರೆ, ಕೈ ತಪ್ಪಿದರೆ ಒಂದೆರಡು ಅಡಿ ಜಗ್ಗಿ ನಿಲ್ಲುತ್ತೀರಿ. ಹೀಗೆ ಹಗ್ಗವನ್ನು ತಡೆಯುವ ಒಂದು ಉಪಕರಣದ ಮೂಲಕ ಹಿಡಿದು ಕಾಯುವುದಕ್ಕೆ ಬಿಲೇ ಎನ್ನುತ್ತಾರೆ.

ಇಲ್ಲೊಂದು ಗೊಂದಲ ತಿಳಿಯಾಗಬೇಕು. ಪುಣೆ, ಮುಂಬಯಿ ಸುತ್ತ ‘ಕ್ಲೈಂಬಿಂಗ್’ ಎಂದು ಹೇಳಿ ಕರೆದೊಯ್ಯುವ ಎಷ್ಟೋ ಪ್ರವಾಸಗಳಲ್ಲಿ ನಿಜವಾಗಿ ಇರುವುದು ರ‍್ಯಾಪೆಲಿಂಗ್, ಅಂದರೆ ಹಗ್ಗ ಹಿಡಿದು ಇಳಿಯುವುದು. ನೋಡಲು ಸುಲಭ, ಫೋಟೋ ಚೆನ್ನಾಗಿ ಬರುತ್ತದೆ. ಆದರೆ ಇಳಿಯುವಾಗ ನಿಮ್ಮ ಇಡೀ ಭಾರ ಒಂದೇ ಹಗ್ಗ, ಒಂದೇ ಉಪಕರಣದ ಮೇಲಿರುತ್ತದೆ, ಅದನ್ನು ಹಿಡಿದಿರುವುದು ನಿಮ್ಮದೇ ಕೈ. ಹೊಸಬರನ್ನು ಇಳಿಸುವಾಗ ಬೇರೆ ಆಂಕರ್‌ಗೆ ಕಟ್ಟಿದ ಎರಡನೇ ಹಗ್ಗ ಇರಲೇಬೇಕು, ಅದನ್ನು ತರಬೇತುದಾರರು ಹಿಡಿದಿರಬೇಕು. ಇಲ್ಲವೆಂದರೆ ಇಳಿಯಬೇಡಿ, ಕೊಟ್ಟ ದುಡ್ಡು ಹೋದರೂ ಹೋಗಲಿ.

ಯಾವಾಗ, ಎಲ್ಲಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರೆತುಬಿಡಿ. ಮಳೆಗಾಲದಲ್ಲಿ ಸಹ್ಯಾದ್ರಿಯ ಕಪ್ಪುಕಲ್ಲಿನ ಮೇಲೆ ಪಾಚಿ ಕಟ್ಟಿ ಸಾಬೂನಿನಂತಾಗಿರುತ್ತದೆ. ಅಕ್ಟೋಬರ್‌ನಲ್ಲಿ ಮಳೆ ನಿಂತರೂ ನೀರು ಕುಡಿದು ಸಡಿಲಗೊಂಡ ಕಲ್ಲುಗಳು ಉದುರುವುದು ನಿಂತಿರುವುದಿಲ್ಲ, ಬಂಡೆಯ ಬುಡದ ಹುಲ್ಲೂ ಎದೆಮಟ್ಟ ಬೆಳೆದಿರುತ್ತದೆ. ನವೆಂಬರ್ ಕೊನೆಯಿಂದ ಫೆಬ್ರವರಿವರೆಗಿನ ಕಾಲ ಹೊಸಬರಿಗೆ ಹೇಳಿಮಾಡಿಸಿದ್ದು. ಮಾರ್ಚ್ ಕಳೆದರೆ ಹನ್ನೊಂದು ಗಂಟೆಗೇ ಕಲ್ಲು ಕಾದ ಹೆಂಚಾಗುತ್ತದೆ.

ಪುಣೆಯವರಿಗೆ ಲೋಣಾವಳ, ಖಂಡಾಳದ ಆಸುಪಾಸು, ಮುಂಬಯಿಯವರಿಗೆ ಮುಂಬ್ರಾ, ಬೇಲಾಪುರ, ಬೊರಿವಲಿಯ ರಾಷ್ಟ್ರೀಯ ಉದ್ಯಾನದ ಬಂಡೆಗಳು ಹಳೆಯ ಅಭ್ಯಾಸದ ಜಾಗಗಳು. ಲಿಂಗಾಣಾ, ಜೀವಧನದ ಪಕ್ಕದ ವಾನರಲಿಂಗಿ, ಹರಿಶ್ಚಂದ್ರಗಡದ ಕೊಂಕಣಕಡಾ ಇಂಥ ಎತ್ತರದ ಕಡಿಬಂಡೆಗಳ ಚಿತ್ರ ತೋರಿಸಿ ‘ಹೊಸಬರೂ ಬರಬಹುದು’ ಎಂದು ಯಾರಾದರೂ ಕರೆದರೆ ದೂರ ಉಳಿಯಿರಿ. ಮೊದಲ ದಿನಕ್ಕೆ ನಲವತ್ತು ಐವತ್ತು ಅಡಿಯ ಬಂಡೆ ಧಾರಾಳವಾಯಿತು. ಕೆಳಗೆ ನಿಂತವರ ಮುಖ ಕಾಣಬೇಕು, ಮಾತು ಕೇಳಬೇಕು.

ಹಿಮದ ಗೋಡೆ ಹತ್ತುವ ಆಸೆಯವರೂ ಇರುತ್ತಾರೆ. ಅದಕ್ಕೆ ಹಿಮಾಲಯಕ್ಕೇ ಹೋಗಬೇಕು. ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆ ಅಥವಾ ಡಾರ್ಜಿಲಿಂಗ್‌ನ ಹಿಮಾಲಯನ್ ಪರ್ವತಾರೋಹಣ ಸಂಸ್ಥೆಯ ಸುಮಾರು ನಾಲ್ಕು ವಾರಗಳ ಮೂಲ ಕೋರ್ಸ್ ಅದಕ್ಕೆ ಸರಿಯಾದ ಬಾಗಿಲು. ಇಲ್ಲಿ ಕಲಿತ ಹಗ್ಗದ ಶಿಸ್ತು ಅಲ್ಲಿಯೂ ಕೈ ಹಿಡಿಯುತ್ತದೆ.

ದುಡ್ಡು ಕಟ್ಟುವ ಮೊದಲು ಕೇಳಿ

ನಮ್ಮ ಜನಕ್ಕೆ ಕೇಳಲು ಸಂಕೋಚ. ‘ಅವರಿಗೆ ಗೊತ್ತಿರ್ತದ, ನಾವೇನು ಕೇಳೋದು’ ಎನ್ನುತ್ತೇವೆ. ಬಾಡಿಗೆ ಮನೆ ನೋಡಲು ಹೋದರೆ ನಲ್ಲಿ ತಿರುಗಿಸಿ ನೀರು ಬರುತ್ತದೆಯೇ ನೋಡುವವರು ನಾವು. ಇಲ್ಲೂ ಅಷ್ಟೇ ಮುತುವರ್ಜಿ ಇರಲಿ.

ಮೊದಲನೆಯದು ನೋಂದಣಿ. ಮಹಾರಾಷ್ಟ್ರ ಸರ್ಕಾರ 2021ರಲ್ಲಿ ಸಾಹಸ ಪ್ರವಾಸೋದ್ಯಮ ನೀತಿ ತಂದಿದೆ. ಅದರ ಪ್ರಕಾರ ಇಂಥ ಚಟುವಟಿಕೆ ನಡೆಸುವವರು ಪ್ರವಾಸೋದ್ಯಮ ನಿರ್ದೇಶನಾಲಯದಲ್ಲಿ ನೋಂದಾಯಿಸಿಕೊಳ್ಳಬೇಕು. ‘ನಿಮ್ಮ ನೋಂದಣಿ ಪತ್ರ ಕಳಿಸ್ತೀರಾ’ ಎಂದು ಕೇಳಿದರೆ ನೆಟ್ಟಗಿರುವವರು ತಕ್ಷಣ ಕಳಿಸುತ್ತಾರೆ, ಬೇಸರ ಮಾಡಿಕೊಳ್ಳುವುದಿಲ್ಲ. ಆಮೇಲೆ, ಅಂದು ನಿಮ್ಮ ಜೊತೆ ಬಂಡೆಯ ಬಳಿ ನಿಲ್ಲುವವರು ಯಾರು, ಅವರು ಎಲ್ಲಿ ಕಲಿತವರು ಎಂದು ಕೇಳಿ. ಜಾಹೀರಾತಿನಲ್ಲಿ ಫೋಟೋ ಇರುವ ಹಿರಿಯರು ಅಂದು ಬರುತ್ತಾರೆಂದೇನೂ ಇಲ್ಲ. ಒಬ್ಬ ತರಬೇತುದಾರರಿಗೆ ಆರಕ್ಕಿಂತ ಹೆಚ್ಚು ಹೊಸಬರಿದ್ದರೆ ನಾನಂತೂ ಹೋಗುವುದಿಲ್ಲ. ನಲವತ್ತು ಜನರ ಬಸ್ಸು ಹೊರಟಿದೆಯೆಂದರೆ ನಿಮ್ಮ ಪಾಲಿಗೆ ಸಿಗುವುದು ದಿನಕ್ಕೆ ಒಂದು ಸರದಿ, ಉಳಿದದ್ದು ಕಾಯುವುದು. ಪ್ರಥಮ ಚಿಕಿತ್ಸೆ ಕಲಿತವರು ಯಾರು, ಏನಾದರೂ ಆದರೆ ಹತ್ತಿರದ ಆಸ್ಪತ್ರೆ ಯಾವುದು, ಅಲ್ಲಿಗೆ ವಾಹನ ಹೇಗೆ, ಇವೂ ಕೇಳಬೇಕಾದವೇ. ಉತ್ತರ ತಡವರಿಸಿದರೆ ನಿಮಗೆ ಬೇಕಾದ ಉತ್ತರ ಸಿಕ್ಕಂತಾಯಿತು.

ನನ್ನ ಎರಡನೆಯ ವರ್ಷದಲ್ಲಿ ಒಂದು ತಂಡದ ಜೊತೆ ಹೋಗಿದ್ದೆ. ಹೆಸರು ಬೇಡ. ಅಲ್ಲಿ ಹಂಚಿದ ಹೆಲ್ಮೆಟ್‌ಗಳು ಕಟ್ಟಡ ಕೆಲಸದ ಹಳದಿ ಟೊಪ್ಪಿಗೆಗಳು, ಗದ್ದದ ಪಟ್ಟಿಯೇ ಇಲ್ಲ. ಬಗ್ಗಿದರೆ ಬೀಳುತ್ತಿತ್ತು. ನಾನು ಬಾಯಿ ಮುಚ್ಚಿಕೊಂಡು ಅದನ್ನೇ ಹಾಕಿಕೊಂಡು ಏರಿದೆ. ಏನೂ ಆಗಲಿಲ್ಲ. ಆದರೆ ಅಂದು ಕೇಳದೇ ಹೋದದ್ದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ, ಯಾಕೆಂದರೆ ನನ್ನ ಹಿಂದೆ ಸಾಲಿನಲ್ಲಿ ಹದಿನಾರು ವರ್ಷದ ಹುಡುಗಿಯೊಬ್ಬಳಿದ್ದಳು. ಹೆಲ್ಮೆಟ್‌ನ ಒಳಭಾಗದಲ್ಲಿ ಇಎನ್ 12492 (EN, ಯುರೋಪಿನ ಗುಣಮಟ್ಟ) ಅಥವಾ ಯುಐಎಎ (UIAA, ಅಂತರರಾಷ್ಟ್ರೀಯ ಪರ್ವತಾರೋಹಣ ಒಕ್ಕೂಟ) ಎಂಬ ಗುರುತು, ಹಾರ್ನೆಸ್‌ನ ಮೇಲೆ ಇಎನ್ 12277 ಎಂಬ ಗುರುತು ಇದೆಯೇ ನೋಡಿ. ಹಗ್ಗ ಡೈನಮಿಕ್ ತಾನೆ ಎಂದು ಕೇಳಿ. ಏರುವ ಹಗ್ಗ ಬಿದ್ದವರ ಜಗ್ಗು ಹೀರಿಕೊಳ್ಳಲು ಸ್ವಲ್ಪ ಹಿಗ್ಗಬೇಕು. ಇಳಿಯುವುದಕ್ಕೆ ಬಳಸುವ ಸ್ಟ್ಯಾಟಿಕ್ ಹಗ್ಗ ಅಷ್ಟು ಹಿಗ್ಗುವುದಿಲ್ಲ.

ಕೊನೆಗೆ, ನೀವೂ ಹೇಳಬೇಕಾದದ್ದಿದೆ. ಬಿಪಿ, ಸಕ್ಕರೆ ಕಾಯಿಲೆ, ಉಬ್ಬಸ, ಮೂರ್ಛೆ, ಹಿಂದೆ ಜಾರಿದ ಭುಜ, ಬಸುರು, ಜೇನು ಕಚ್ಚಿದರೆ ಮೈ ಬಾಯುವ ಅಲರ್ಜಿ, ಯಾವುದನ್ನೂ ಮುಚ್ಚಿಡಬೇಡಿ. ಎತ್ತರ ಕಂಡರೆ ಭಯ ಎನ್ನುವುದನ್ನೂ ಹೇಳಿ. ಒಳ್ಳೆಯ ಗೈಡ್ ಅಂಥವರನ್ನು ಮೊದಲ ಸರದಿಗೆ ಕರೆಯುತ್ತಾರೆ, ಕಾದಷ್ಟೂ ಭಯ ಬೆಳೆಯುತ್ತದೆಂದು ಅವರಿಗೆ ಗೊತ್ತು.

ನಾಲ್ಕು ವಾರದ ಮೈ ತಯಾರಿ

ಜಿಮ್ ಬೇಕಿಲ್ಲ. ವಾರಕ್ಕೆ ಮೂರು ದಿನ ನಿಮ್ಮ ಕಟ್ಟಡದ ಮೆಟ್ಟಿಲು ಹತ್ತಿ, ಲಿಫ್ಟ್ ಬಿಡಿ. ಇಳಿಯುವುದನ್ನೂ ಲೆಕ್ಕಕ್ಕೆ ಹಿಡಿಯಿರಿ, ಗುಡ್ಡದಿಂದ ಇಳಿಯುವಾಗ ನೋಯುವುದು ಮೊಣಕಾಲು. ಹಲ್ಲುಜ್ಜುವಾಗ ಒಂಟಿಕಾಲಲ್ಲಿ ನಿಲ್ಲಿ, ಎರಡು ನಿಮಿಷದಲ್ಲಿ ಅರ್ಧ ಬಲಗಾಲು, ಅರ್ಧ ಎಡಗಾಲು. ಬಂಡೆಯಲ್ಲಿ ಹೆಬ್ಬೆರಳಿನ ತುದಿಯ ಮೇಲೆ ನಿಲ್ಲುವುದೇ ಮುಕ್ಕಾಲು ಕೆಲಸ, ಆದ್ದರಿಂದ ಮೆಟ್ಟಿಲಂಚಿನಲ್ಲಿ ತುದಿಗಾಲಲ್ಲಿ ಎದ್ದು ಇಳಿಯುವುದು ಬಹಳ ಉಪಯೋಗ.

ನಮ್ಮ ಅಜ್ಜಿಯರಿಗೆ ಸಲೀಸಾಗಿದ್ದ ಕುಕ್ಕರಗಾಲಿನ ಕೂರುವಿಕೆಯನ್ನು ಮತ್ತೆ ಹಿಡಿಯಿರಿ. ಹಿಮ್ಮಡಿ ನೆಲಕ್ಕೆ ತಾಗಿಸಿ ಎರಡು ನಿಮಿಷ ಕೂರಲು ಬಂದರೆ ಸೊಂಟ, ಪಾದದ ಗಂಟು ಸಡಿಲವಾಗಿವೆ ಎಂದರ್ಥ. ಬಂಡೆಯಲ್ಲಿ ಕಾಲನ್ನು ಎತ್ತರದ ಚಾಚಿಗೆ, ಅಂದರೆ ಹೊರಚಾಚಿದ ಕಲ್ಲಂಚಿಗೆ, ಇಟ್ಟು ಮೇಲೇಳುವುದು ಇದೇ ಭಂಗಿಯಿಂದ. ಕುರ್ಚಿಯಲ್ಲೇ ಹತ್ತು ವರ್ಷ ಕಳೆದ ಐಟಿ ಹುಡುಗರು ಒದ್ದಾಡುವುದು ಇಲ್ಲೇ, ತೋಳಿನಲ್ಲಲ್ಲ.

ಬೆರಳು ಗಟ್ಟಿ ಮಾಡಿಕೊಳ್ಳಲೆಂದು ಬಾಗಿಲ ಚೌಕಟ್ಟಿನಿಂದ ಜೋತಾಡಬೇಡಿ. ಸ್ನಾಯು ವಾರಗಳಲ್ಲಿ ಬಲಿಯುತ್ತದೆ, ಬೆರಳಿನ ಸ್ನಾಯುರಜ್ಜುಗಳಿಗೆ ತಿಂಗಳುಗಟ್ಟಲೆ ಬೇಕು. ಹೊರಡುವ ಮೊದಲು ಊರಿನ ಕ್ಲೈಂಬಿಂಗ್ ಅಭ್ಯಾಸದ ಕೃತಕ ಗೋಡೆಯಲ್ಲಿ ಒಂದು ಸಂಜೆ ಕಳೆದು ಬಂದರೆ ಹಾರ್ನೆಸ್, ಗಂಟು, ಬಿಲೇ ಇವುಗಳ ಪರಿಚಯವಾಗಿರುತ್ತದೆ. ಬಂಡೆಯ ಬಳಿ ಎಲ್ಲವೂ ಒಟ್ಟಿಗೇ ಹೊಸತಾಗಿ ಮೈಮೇಲೆ ಬರುವುದಿಲ್ಲ.

ಮೈಮೇಲೆ ಏನಿರಬೇಕು, ಏನಿರಬಾರದು

ಮೊಣಕಾಲು ಮಡಚಲು ತಡೆಯದ ಉದ್ದನೆಯ ಪ್ಯಾಂಟು, ಬೆವರು ಆರುವ ಟೀ ಶರ್ಟು. ಜೀನ್ಸ್ ಬೇಡ. ಶರ್ಟು ಹಾರ್ನೆಸ್ ಒಳಗೆ ನಿಲ್ಲುವಷ್ಟು ಉದ್ದವಿರಲಿ, ಇಲ್ಲದಿದ್ದರೆ ಸೊಂಟದ ಪಟ್ಟಿ ಬರಿಮೈಗೆ ಉಜ್ಜಿ ಸಂಜೆಗೆ ಕೆಂಪಾಗಿರುತ್ತದೆ. ಓಢಣಿ, ಸ್ಕಾರ್ಫ್ ಚೀಲದಲ್ಲೇ ಇರಲಿ. ಜಡೆಯನ್ನು ಶರ್ಟಿನೊಳಗೆ ಇಳಿಬಿಡಿ. ರ‍್ಯಾಪೆಲಿಂಗ್‌ನಲ್ಲಿ ಇಳಿಯುವಾಗ ಕೂದಲು ಉಪಕರಣಕ್ಕೆ ಸಿಕ್ಕಿಕೊಂಡರೆ ಮೇಲೂ ಹೋಗಲಾಗದು, ಕೆಳಗೂ ಬರಲಾಗದು.

ಒಡವೆಯ ವಿಷಯವನ್ನು ಯಾವ ಕೈಪಿಡಿಯೂ ನಮಗೆ ತಕ್ಕಂತೆ ಹೇಳುವುದಿಲ್ಲ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕೈಯುಂಗುರ ತೆಗೆಯಲೇಬೇಕು. ಉಂಗುರ ಕಲ್ಲಿನ ಸಂದಿಗೆ ಸಿಕ್ಕಿದ ಹೊತ್ತಿನಲ್ಲಿ ಕಾಲು ಜಾರಿದರೆ ಬೆರಳಿನ ಚರ್ಮವೇ ಕಿತ್ತು ಬರಬಹುದು. ಬಳೆ, ಕಡಗ, ಕೈಗಡಿಯಾರ ಬಿಚ್ಚಿಡಿ. ಮಂಗಳಸೂತ್ರ ತೆಗೆಯಲು ಮನಸ್ಸಿಲ್ಲವೆಂದರೆ ಮೋಟಾಗಿ ಗಂಟು ಹಾಕಿ ಶರ್ಟಿನೊಳಗೆ ಸೇರಿಸಿ ಮೇಲೊಂದು ಟೇಪು ಅಂಟಿಸಿ, ಉದ್ದನೆಯ ಸರ ಮಾತ್ರ ಬೇಡವೇ ಬೇಡ. ಕಾಲುಂಗುರವನ್ನು ಎಲ್ಲರೂ ಮರೆಯುತ್ತಾರೆ. ಕ್ಲೈಂಬಿಂಗ್ ಶೂ ಬೆರಳು ಮಡಚುವಷ್ಟು ಬಿಗಿ, ಅದರೊಳಗೆ ಬೆಳ್ಳಿಯ ಕಾಲುಂಗುರ ಇದ್ದರೆ ಪ್ರತಿ ಹೆಜ್ಜೆಗೂ ಮೂಳೆಗೆ ಒತ್ತುತ್ತದೆ. ಹಿಂದಿನ ರಾತ್ರಿ ಸಾಬೂನು ನೀರು ಹಚ್ಚಿ ತೆಗೆದಿಡಿ, ಅಲ್ಲಿ ಹೋಗಿ ಎಳೆದಾಡಿದರೆ ಬರುವುದಿಲ್ಲ. ಗಂಡಸರಿಗೂ ಒಂದು ಮಾತು: ಬೆಳ್ಳಿಯ ಉಡಿದಾರ ಇರುವವರು ಅದನ್ನು ಮನೆಯಲ್ಲೇ ಬಿಟ್ಟು ಬನ್ನಿ. ಹಾರ್ನೆಸ್ ಕೂರುವುದು ಸರಿಯಾಗಿ ಅದೇ ಜಾಗದಲ್ಲಿ, ಭಾರ ಬಿದ್ದಾಗ ಸರಪಳಿ ಸೊಂಟಕ್ಕೆ ಕಚ್ಚುತ್ತದೆ.

ಉಗುರು ಎರಡು ದಿನ ಮೊದಲೇ ಕತ್ತರಿಸಿ. ಅದೇ ಬೆಳಿಗ್ಗೆ ಕತ್ತರಿಸಿದರೆ ಬೆರಳ ತುದಿ ನವಿರಾಗಿ ಉರಿಯುತ್ತದೆ. ಕೈಗೆ ಎಣ್ಣೆ, ಕ್ರೀಮು ಹಚ್ಚಬೇಡಿ. ಸೆಂಟೂ ಬೇಡ, ಕಾರಣ ಮುಂದೆ ಬರುತ್ತದೆ.

ಮೊದಲ ದಿನಕ್ಕೆಂದು ಸಾವಿರಾರು ರೂಪಾಯಿಯ ಶೂ ಕೊಳ್ಳಬೇಡಿ. ಗೈಡ್ ಬಳಿ ಇದ್ದರೆ ಪಡೆಯಿರಿ, ಇಲ್ಲದಿದ್ದರೆ ತೆಳ್ಳನೆಯ, ಮೆತ್ತಗಿನ ರಬ್ಬರ್ ಅಡಿಯ, ಕಾಲಿಗೆ ಬಿಗಿಯಾಗಿ ಕೂರುವ ಶೂ ಸಾಕು. ದಪ್ಪ ಅಡಿಯ ಓಟದ ಶೂಗಳಲ್ಲಿ ಕಲ್ಲಿನ ಅಂಚು ಪಾದಕ್ಕೆ ತಿಳಿಯುವುದೇ ಇಲ್ಲ.

ಬುತ್ತಿ, ನೀರು, ಲೋಕಲ್

ತಲೆಗೆ ಮೂರು ಲೀಟರ್ ನೀರು. ಬಂಡೆಯ ಬುಡದಲ್ಲಿ ಅಂಗಡಿ ಇರುವುದಿಲ್ಲ. ಒಂದು ಲೀಟರ್‌ಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಮೇಲೆ ನಿಂಬೆ ಹಿಂಡಿದ ಪಾನಕ ಬೇರೆ ಬಾಟಲಿಯಲ್ಲಿರಲಿ. ಊಟಕ್ಕೆ ನಾನು ಒಯ್ಯುವುದು ದಶಮಿ (ಹಾಲಿನಲ್ಲಿ ಕಲಸಿದ ರೊಟ್ಟಿ), ಶೇಂಗಾ ಚಟ್ನಿ, ಎರಡು ಬಾಳೆಹಣ್ಣು. ದಶಮಿ ಒಣಗುವುದಿಲ್ಲ, ಹಳಸುವುದಿಲ್ಲ, ಒಂದೇ ಕೈಯಲ್ಲಿ ತಿನ್ನಬಹುದು. ನಡುವೆ ಬಾಯಾಡಿಸಲು ಲೋಣಾವಳದ ಚಿಕ್ಕಿ. ಬೆಳಿಗ್ಗೆ ಅವಲಕ್ಕಿ ತಿಂದು ಹೊರಡಿ, ಹೊಟ್ಟೆ ಬಿರಿಯೆ ತಿಂದರೆ ಹಾರ್ನೆಸ್ ಒತ್ತಿದಾಗ ವಾಕರಿಕೆ ಬರುತ್ತದೆ.

ಪುಣೆಯಿಂದ ಲೋಣಾವಳದ ಲೋಕಲ್‌ಗೆ ಸುಮಾರು ಒಂದೂವರೆ ಗಂಟೆ. ಬೆಳಗಿನ ಮೊದಲ ಗಾಡಿಗಳಲ್ಲಿ ಒಂದನ್ನು ಹಿಡಿಯಿರಿ. ಮುಂಬಯಿಯವರು ಭಾನುವಾರದ ಮೆಗಾಬ್ಲಾಕ್, ಅಂದರೆ ದುರಸ್ತಿಗಾಗಿ ರೈಲು ನಿಲ್ಲಿಸುವುದು, ಯಾವ ಮಾರ್ಗದಲ್ಲಿದೆ ಎಂದು ಹಿಂದಿನ ದಿನವೇ ನೋಡಿಕೊಳ್ಳಿ. ಹೆಣ್ಣುಮಕ್ಕಳಿಗೆ: ನಿಲ್ದಾಣದಲ್ಲೋ, ಬುಡದ ಊರಿನ ಯಾರದಾದರೂ ಮನೆಯಲ್ಲೋ ಶೌಚದ ಕೆಲಸ ಮುಗಿಸಿಯೇ ನಡೆಯಲು ಶುರು ಮಾಡಿ. ಹೋಗಲು ಜಾಗ ಇರುವುದಿಲ್ಲ ಎಂದು ನೀರು ಕುಡಿಯದೇ ಇರುವವರನ್ನು ಬಹಳ ನೋಡಿದ್ದೇನೆ, ಮಧ್ಯಾಹ್ನಕ್ಕೆ ತಲೆನೋವು ಹಿಡಿದು ಕೂರುವವರು ಅವರೇ. ಗುಂಪಿನಲ್ಲಿ ಹೆಣ್ಣು ತರಬೇತುದಾರರು ಇದ್ದಾರೆಯೇ ಎಂದು ಮೊದಲೇ ಕೇಳುವುದರಲ್ಲಿ ತಪ್ಪಿಲ್ಲ.

ಎಲ್ಲಿಗೆ, ಯಾರ ಜೊತೆ ಹೋಗುತ್ತಿದ್ದೀರಿ, ಎಷ್ಟೊತ್ತಿಗೆ ವಾಪಸು ಎಂಬುದನ್ನು ಮನೆಯವರಿಗೆ ಬರೆದು ಕೊಟ್ಟು ಹೊರಡಿ. ಕಣಿವೆಗಳಲ್ಲಿ ಫೋನು ಸಿಗುವುದಿಲ್ಲ. ಸಿಗುವ ಕಡೆ 112 ಮತ್ತು ಆಂಬುಲೆನ್ಸ್‌ನ 108 ಕೆಲಸ ಮಾಡುತ್ತವೆ.

ಬಂಡೆಯ ಬುಡದಲ್ಲಿ

ತಲುಪಿದ ಕೂಡಲೇ ಹೆಲ್ಮೆಟ್. ಏರುವವರಷ್ಟೇ ಅಲ್ಲ, ಕೆಳಗೆ ದಶಮಿ ತಿನ್ನುತ್ತ ಕೂತವರೂ ಹಾಕಿರಬೇಕು. ಹಾರ್ನೆಸ್‌ನ ಪಟ್ಟಿ ಸೊಂಟದ ಮೂಳೆಗಿಂತ ಮೇಲೆ ಕೂರಬೇಕು. ಬಿಗಿ ಮಾಡಿದ ಮೇಲೆ ಒಳಗೆ ಅಂಗೈ ಚಪ್ಪಟೆಯಾಗಿ ತೂರಬೇಕು, ಮುಷ್ಟಿ ಹೊರಬರಬಾರದು. ತಲೆಕೆಳಗಾದರೂ ಹಾರ್ನೆಸ್ ಕಳಚಬಾರದು, ಅದಕ್ಕೇ ಸೊಂಟದ ಮೇಲಿರಬೇಕು ಎನ್ನುವುದು.

ಇನ್ನು ಗಂಟು. ಹಾರ್ನೆಸ್‌ಗೆ ಕಟ್ಟುವ ಗಂಟನ್ನು ಫಿಗರ್ ಎಯ್ಟ್ ಎನ್ನುತ್ತಾರೆ, ಅಂಕಿ 8ರ ಆಕಾರ. ಮೊದಲು ಹಗ್ಗದಲ್ಲಿ ಒಂದು ಬಿಡಿ ಎಂಟು, ಆಮೇಲೆ ತುದಿಯನ್ನು ಹಾರ್ನೆಸ್‌ನ ಮುಂಭಾಗದ ಮೇಲಿನ ಮತ್ತು ಕೆಳಗಿನ ಎರಡೂ ಕಣ್ಣಿಗಳಲ್ಲಿ ತೂರಿಸಿ, ಅದೇ ಎಂಟರ ಜಾಡು ಹಿಡಿದು ವಾಪಸು ಹೆಣೆಯುವುದು. ಮುಗಿದಾಗ ಎಲ್ಲೆಡೆ ಎಳೆಗಳು ಜೋಡಿಯಾಗಿ, ಒಂದರ ಮೇಲೊಂದು ಹತ್ತದೆ ರೈಲು ಹಳಿಯಂತೆ ಸಾಗಬೇಕು. ತುದಿ ಒಂದು ಗೇಣಾದರೂ ಉಳಿಯಬೇಕು.

ಈ ಗಂಟನ್ನು ಸಾವಿರ ಸಲ ಕಟ್ಟಿದವಳು ನಾನು. ಒಂದು ಜನವರಿಯ ಬೆಳಿಗ್ಗೆ ಬಿಡಿ ಎಂಟು ಕಟ್ಟಿ, ತುದಿಯನ್ನು ಹಾರ್ನೆಸ್‌ನಲ್ಲಿ ತೂರಿಸಿದ್ದೆ. ಅಷ್ಟರಲ್ಲಿ ಯಾರೋ “ಅಕ್ಕಾ, ನೀರಿನ ಬಾಟ್ಲಿ ಎಲ್ಲೈತಿ?” ಎಂದರು. ತಿರುಗಿ ತೋರಿಸಿದೆ. ಮತ್ತೆ ಬಂಡೆಯ ಕಡೆ ಮುಖ ಮಾಡಿದಾಗ ಮನಸ್ಸಿನಲ್ಲಿ ಗಂಟು ಮುಗಿದಿತ್ತು, ಕೈಯಲ್ಲಿ ಮುಗಿದಿರಲಿಲ್ಲ. ಟೀ ಶರ್ಟಿನ ಮಡಿಕೆ ಅದನ್ನು ಮುಚ್ಚಿತ್ತು. ನನ್ನ ಜೊತೆಗಾತಿ ರೂಢಿಯಂತೆ ಹತ್ತಿರ ಬಂದು ಗಂಟಿನ ಜಾಗದಲ್ಲಿ ಹಗ್ಗ ಹಿಡಿದು ಜಗ್ಗಿದಳು. ಹಗ್ಗ ಸರ್ರನೆ ಅವಳ ಕೈಗೆ ಬಂತು. ಇಬ್ಬರೂ ಮಾತಾಡಲಿಲ್ಲ. ಅವಳು ಜಗ್ಗದೇ ಬರಿ ಕಣ್ಣಲ್ಲಿ ನೋಡಿ ‘ಸರಿ’ ಎಂದಿದ್ದರೆ ನಾನು ನೆತ್ತಿಯವರೆಗೂ ಏರಿ, ಇಳಿಯಲೆಂದು ಹಿಂದಕ್ಕೆ ಒರಗುತ್ತಿದ್ದೆ.

ಆದ್ದರಿಂದ ಪ್ರತಿ ಸರದಿಗೂ, ಹತ್ತನೆಯದಾದರೂ, ಪರಸ್ಪರ ತಪಾಸಣೆ ಆಗಲೇಬೇಕು, ಅದೂ ಕೈಯಿಂದ ಮುಟ್ಟಿ. ಬಕಲ್ ಜಗ್ಗಿ ನೋಡಿ. ಗಂಟಿನ ಜೋಡಿ ಎಳೆಗಳನ್ನು ಬೆರಳಿಟ್ಟು ಎಣಿಸಿ, ಎರಡೂ ಕಣ್ಣಿಗಳ ಮೂಲಕ ಹೋಗಿದೆಯೇ ನೋಡಿ. ಬಿಲೇ ಮಾಡುವವರ ಉಪಕರಣದಲ್ಲಿ ಹಗ್ಗ ಸರಿಯಾದ ದಿಕ್ಕಿಗಿದೆಯೇ ನೋಡಿ. ಕ್ಯಾರಬಿನರ್ ಎಂಬ ಲೋಹದ ಕೊಂಡಿಯ ಬಾಗಿಲ ತಿರುಪು ಬಿಗಿದಿದೆಯೇ ಎಂದು ಒತ್ತಿ ನೋಡಿ. ಮುಚ್ಚಿದ ಕ್ಯಾರಬಿನರ್ ಉದ್ದುದ್ದಕ್ಕೆ 20 ಕಿಲೋನ್ಯೂಟನ್, ಅಂದರೆ ಸುಮಾರು ಎರಡು ಟನ್ ಭಾರ ತಾಳುತ್ತದೆ. ಬಾಗಿಲು ತೆರೆದಿದ್ದರೆ ಆ ಬಲ ಹೆಚ್ಚುಕಡಿಮೆ ಮೂರನೇ ಒಂದಕ್ಕೆ ಇಳಿಯುತ್ತದೆ. ಹಗ್ಗದ ಇನ್ನೊಂದು ತುದಿ ಉಪಕರಣದಿಂದ ಜಾರಿಹೋಗದಂತೆ ತಡೆಗಂಟು ಬಿದ್ದಿದೆಯೇ ನೋಡಿ. ಗೈಡ್ ಕಟ್ಟಿದ ಗಂಟನ್ನೂ ಹೀಗೇ ನೋಡಿ, ‘ಸರ್, ಒಂದು ಸಲ ನೋಡ್ತೀನಿ’ ಎಂದು ಹೇಳಿಯೇ ನೋಡಿ. ಯಾರಾದರೂ ಗಂಟು ಹಾಕುತ್ತಿದ್ದರೆ ಅವರನ್ನು ಮಾತಾಡಿಸಬೇಡಿ, ಬಾಟಲಿ ಆಮೇಲೆ ಹುಡುಕಿದರಾಯಿತು.

ಕೂಗುವ ಮಾತುಗಳನ್ನು ನೆಲದ ಮೇಲೆಯೇ ಒಪ್ಪಿಕೊಳ್ಳಿ. ಕನ್ನಡಿಗರ ಗುಂಪಿಗೆ ಇದು ಇನ್ನೂ ಮುಖ್ಯ. ಮೇಲೆ ಹಗ್ಗ ಬಿಗಿಯಾಗಿ ಏರಲಾಗದಿದ್ದಾಗ ನಮ್ಮ ಬಾಯಿಂದ ಸಹಜವಾಗಿ ಬರುವ ಮಾತು “ಹಗ್ಗ ಬಿಡು!” ಕೆಳಗೆ ಕೈಯಲ್ಲಿ ಹಗ್ಗ ಹಿಡಿದು ನಿಂತ ಹೊಸಬರ ಕಿವಿಗೆ ಅದು ಹೇಗೆ ಕೇಳಬಹುದು ಯೋಚಿಸಿ. ‘ಬಿಡು’ ಎಂಬ ಪದವನ್ನು ಆ ದಿನಕ್ಕೆ ನಿಷೇಧಿಸಿ. ಸಡಿಲ ಬೇಕಿದ್ದರೆ ‘ಸ್ಲಾಕ್’, ಬಿಗಿ ಬೇಕಿದ್ದರೆ ‘ಟೈಟ್’, ಇಳಿಸಲು ‘ಲೋವರ್’, ಪ್ರತಿ ಸಲವೂ ಮೊದಲು ಕೆಳಗಿನವರ ಹೆಸರು. ಪಕ್ಕದ ಹಗ್ಗದವರ ಕೂಗನ್ನು ನಿಮ್ಮದೆಂದುಕೊಳ್ಳುವ ಅಪಾಯ ಹೆಸರಿನಿಂದ ತಪ್ಪುತ್ತದೆ. ಬಿಲೇ ಮಾಡುವವರ ಕೆಳಗೈ, ಅಂದರೆ ಉಪಕರಣದ ಕೆಳಗೆ ಹಗ್ಗ ಹಿಡಿದ ಕೈ, ಹಗ್ಗವನ್ನು ಯಾವ ಕಾರಣಕ್ಕೂ ಬಿಡಬಾರದು. ಸೊಳ್ಳೆ ಕಚ್ಚಿದರೂ, ಫೋನು ಬಂದರೂ.

ಏರುವಾಗ

ಮುಟ್ಟುವ ಮೊದಲು ಕಲ್ಲನ್ನು ನೋಡಿ. ಇದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಹರಿದು, ಪದರದ ಮೇಲೆ ಪದರ ಕೂತು ಆದ ಬಸಾಲ್ಟ್. ಬಾದಾಮಿಯ ಕೆಂಪು ಮರಳುಗಲ್ಲು, ರಾಮನಗರದ ಗ್ರಾನೈಟ್ ಕಂಡವರಿಗೆ ಇದರ ಸ್ವಭಾವ ಬೇರೆಯೆಂದು ಕೂಡಲೇ ತಿಳಿಯುತ್ತದೆ. ಗ್ರಾನೈಟ್‌ನಲ್ಲಿ ಪಾದವನ್ನು ಇಳಿಜಾರಿಗೆ ಅಂಟಿಸಿ ನಿಲ್ಲಬಹುದು, ಇಲ್ಲಿ ಅಂಚುಗಳನ್ನು, ಅನಿಲದ ಗುಳ್ಳೆ ಬಿಟ್ಟುಹೋದ ಸಣ್ಣ ಕುಳಿಗಳನ್ನು ಹುಡುಕಬೇಕು. ಕೆಲವು ಕುಳಿಗಳಲ್ಲಿ ಬಿಳಿಯ ಜಿಯೋಲೈಟ್ ಹರಳು ಹೊಳೆಯುತ್ತದೆ, ನೋಡಲು ಚೆಂದ, ಹಿಡಿಯಲು ನಂಬಿಕೆಗೆ ಅರ್ಹವಲ್ಲ. ಎರಡು ಪದರಗಳ ನಡುವೆ ಕೆಂಪು ಮಣ್ಣಿನ ಪಟ್ಟಿ ಕಂಡರೆ ಅದೂ ಮೆತ್ತಗೆ. ಹಿಡಿಯುವ ಚಾಚನ್ನು ಬೆರಳ ಗೆಣ್ಣಿನಿಂದ ತಟ್ಟಿ. ಸಂತೆಯಲ್ಲಿ ಮಡಕೆ ಕೊಳ್ಳುವಾಗ ತಟ್ಟುವುದಿಲ್ಲವೇ, ಹಾಗೆ. ಗಟ್ಟಿ ಕಲ್ಲು ದನಿಯನ್ನು ನುಂಗುತ್ತದೆ, ಸಡಿಲ ಕಲ್ಲು ಪೊಳ್ಳು ಸದ್ದು ಮಾಡುತ್ತದೆ. ಪೊಳ್ಳೆನಿಸಿದ್ದನ್ನು ಹೊರಕ್ಕೆ ಜಗ್ಗಬೇಡಿ, ಗೈಡ್‌ಗೆ ಹೇಳಿ ಪಕ್ಕದ್ದನ್ನು ಹುಡುಕಿ.

1670ರಲ್ಲಿ ಶಿವಾಜಿಯ ಸೇನಾನಿ ತಾನಾಜಿ ಕೊಂಡಾಣಾ (ಈಗಿನ ಸಿಂಹಗಡ) ಕೋಟೆ ಏರಲು ಉಡಕ್ಕೆ ಹಗ್ಗ ಕಟ್ಟಿ ಬಿಟ್ಟನೆಂಬ ಕತೆ ಪುಣೆಯ ಮಕ್ಕಳಿಗೆಲ್ಲ ಗೊತ್ತು. ಮುಧೋಳದ ಘೋರ್ಪಡೆ ಮನೆತನಕ್ಕೆ ಆ ಹೆಸರು ಬಂದದ್ದೂ ಉಡದಿಂದಲೇ ಎನ್ನುತ್ತಾರೆ, ಮರಾಠಿಯಲ್ಲಿ ಉಡಕ್ಕೆ ಘೋರ್ಪಡ ಎಂದು ಹೆಸರು. ನಮ್ಮಲ್ಲೂ ‘ಉಡದ ಪಟ್ಟು’ ಎಂಬ ಮಾತಿದೆ. ಹೊಸಬರು ಬಂಡೆಗೆ ಹಿಡಿಯುವುದು ಅದೇ ಪಟ್ಟು, ಅದೇ ಅವರನ್ನು ಸೋಲಿಸುವುದು. ಜೀವ ಹೋದಂತೆ ಹಿಸುಕಿ ಹಿಡಿದರೆ ಐದೇ ನಿಮಿಷದಲ್ಲಿ ಮುಂಗೈ ಕಲ್ಲಾಗಿ, ಬೆರಳು ತಾನಾಗಿ ಬಿಚ್ಚಿಕೊಳ್ಳುತ್ತದೆ. ಹಿಡಿದ ಸ್ನಾಯುವಿನೊಳಗೆ ರಕ್ತ ಓಡಾಡುವುದಿಲ್ಲ, ಅಷ್ಟೇ ಕಾರಣ. ಬೀಳದಿರಲು ಎಷ್ಟು ಬೇಕೋ ಅಷ್ಟೇ ಹಿಡಿಯಿರಿ. ತೋಳು ಮಡಚದೆ ನೆಟ್ಟಗೆ ಚಾಚಿ ಮೂಳೆಯ ಬಲದಲ್ಲಿ ಹಿಡಿದಿರಿ, ಭಾರ ಕಾಲಿಗೆ ಕೊಡಿ. ಕಣ್ಣು ಮೇಲಿನ ಹಿಡಿತ ಹುಡುಕುವುದಕ್ಕಿಂತ ಹೆಚ್ಚು ಹೊತ್ತು ಕೆಳಗಿನ ಪಾದದ ಜಾಗ ನೋಡಲಿ. ಪಾದ ಇಡುವವರೆಗೂ ಅದನ್ನೇ ನೋಡುತ್ತಿರಿ, ಇಟ್ಟ ಮೇಲೆ ಕದಲಿಸಬೇಡಿ. ಸಣ್ಣ ಸಣ್ಣ ಹೆಜ್ಜೆ ಇಡಿ. ಕಾಲು ಹೊಲಿಗೆ ಮಿಷನ್ನಿನಂತೆ ನಡುಗತೊಡಗಿದರೆ ಹಿಮ್ಮಡಿಯನ್ನು ಕೆಳಗಿಳಿಸಿ, ಉಸಿರು ಪೂರ್ತಿ ಹೊರಗೆ ಬಿಡಿ. ನಿಲ್ಲುತ್ತದೆ.

ಪೂರ್ತಿ ಏರುವ ಮೊದಲು ಆರೇಳು ಅಡಿಯಲ್ಲೇ ‘ಟೈಟ್’ ಎಂದು ಕೂಗಿ, ಹಗ್ಗ ಬಿಗಿಯಾದ ಮೇಲೆ ಎರಡೂ ಕೈ ಬಿಟ್ಟು ಹಾರ್ನೆಸ್‌ನಲ್ಲಿ ಕೂತು ನೋಡಿ. ಹಗ್ಗ ಹೊರುತ್ತದೆ ಎಂದು ಮೈಗೆ ಒಮ್ಮೆ ಗೊತ್ತಾದರೆ ಮೇಲೆ ಹೋಗಿ ಇಳಿಯುವಾಗ ಕಲ್ಲನ್ನು ಅಪ್ಪಿಕೊಂಡು ಅಳುವ ಪ್ರಸಂಗ ಬರುವುದಿಲ್ಲ. ಇಳಿಯುವಾಗ ಕುರ್ಚಿಗೆ ಒರಗಿದಂತೆ ಹಿಂದಕ್ಕೆ ಒರಗಿ, ಕಾಲು ಅಗಲಿಸಿ ಗೋಡೆಯ ಮೇಲೆ ನಡೆದು ಬನ್ನಿ.

ಉದುರುವ ಕಲ್ಲು, ಏಳುವ ಜೇನು

ಕಲ್ಲು ಉದುರಿದರೆ ‘ರಾಕ್’ ಅಥವಾ ಮರಾಠಿಯಲ್ಲಿ ‘ದಗಡ್’ ಎಂದು ಗಂಟಲು ಹರಿಯುವಂತೆ ಕೂಗಿ, ಎಷ್ಟೇ ಸಣ್ಣ ಕಲ್ಲಾಗಿರಲಿ. ಕೂಗು ಕೇಳಿದವರು ಮೇಲೆ ನೋಡಬಾರದು, ಗೋಡೆಗೆ ಅಂಟಿ ನಿಲ್ಲಬೇಕು. ಕೋತಿಗಳೂ ಮೇಲಿನಿಂದ ಕಲ್ಲು ಬೀಳಿಸುತ್ತವೆ.

ಸಹ್ಯಾದ್ರಿಯ ಬಂಡೆಯಲ್ಲಿ ಎತ್ತರಕ್ಕಿಂತ ನನಗೆ ಹೆಚ್ಚು ಭಯ ಹೆಜ್ಜೇನಿನದು. ಇಲ್ಲಿನವರು ಆಗ್ಯಾ ಮೋಹೋಳ್ ಎನ್ನುತ್ತಾರೆ, ಬೆಂಕಿಯ ಜೇನು. ಚಾಚುಬಂಡೆಗಳ ಕೆಳಗೆ ಕಪ್ಪು ತೊಟ್ಟಿಲಿನಂತೆ ತೂಗುತ್ತಿರುತ್ತವೆ. ಬುಡ ತಲುಪಿದ ಮೇಲೆ ಎರಡು ನಿಮಿಷ ಸುಮ್ಮನೆ ನಿಂತು ಬಂಡೆಯನ್ನು ಅಗಲಗಲಕ್ಕೆ ನೋಡಿ, ಗೂಡು ಕಂಡರೆ ಗೈಡ್‌ಗೆ ತೋರಿಸಿ, ಆ ಮಾರ್ಗ ಬೇಡವೆನ್ನಿ. ಸೆಂಟು, ಸಿಗರೇಟು, ಒಲೆಯ ಹೊಗೆ, ಕಿರುಚಾಟ, ಡ್ರೋನ್ ಇವು ಯಾವುವೂ ಕೂಡದು. ಎದ್ದವೆಂದರೆ ಕೈ ಬೀಸಿ ಹೊಡೆಯಬೇಡಿ. ಮುಖ, ಮೂಗು, ಕಿವಿ ಬಟ್ಟೆಯಿಂದ ಮುಚ್ಚಿಕೊಂಡು ಆದಷ್ಟು ದೂರ ಸರಿಯಿರಿ, ಹಗ್ಗದಲ್ಲಿರುವವರನ್ನು ಕೂಡಲೇ ಇಳಿಸಬೇಕು. ಬಿಲೇ ಮಾಡುವವರಿಗೆ ಓಡುವ ಹಕ್ಕಿಲ್ಲ, ಅದಕ್ಕಾಗಿ ಅವರ ಚೀಲದಲ್ಲೊಂದು ದಪ್ಪ ಚಾದರ ಇರಲಿ.

ಇಳಿದ ಮೇಲೆ

ಚಳಿಗಾಲದಲ್ಲಿ ಆರೂಕಾಲರ ಸುಮಾರಿಗೆ ಸೂರ್ಯ ಮುಳುಗುತ್ತದೆ, ಕಣಿವೆಯಲ್ಲಿ ಕತ್ತಲೆ ಅದಕ್ಕೂ ಬೇಗ. ನಾಲ್ಕಕ್ಕೆ ಹಗ್ಗ ಸುತ್ತಲು ಶುರುವಾಗಬೇಕು. ಹಗ್ಗವನ್ನು ತುಳಿಯಬೇಡಿ, ಮಣ್ಣಿನ ಕಣ ಒಳಗೆ ಸೇರಿ ಎಳೆಗಳನ್ನು ಕೊರೆಯುತ್ತದೆ. ಚಿಕ್ಕಿಯ ಕಾಗದ, ಬಾಳೆಸಿಪ್ಪೆ, ಟೇಪಿನ ಚೂರು ನಿಮ್ಮ ಚೀಲದಲ್ಲೇ ವಾಪಸು ಬರಲಿ, ಬುಡದ ಊರಿನವರ ದನಗಳು ಅಲ್ಲೇ ಮೇಯುತ್ತವೆ.

ಮನೆಗೆ ಬಂದು ಕೈ ತೊಳೆದು ಬೆರಳ ತುದಿಗೆ ಕೊಬ್ಬರಿಎಣ್ಣೆ ಹಚ್ಚಿ. ಎರಡು ದಿನ ಮುಂಗೈ ಬಿಗಿದಿರುತ್ತದೆ, ಬಾಟಲಿಯ ಮುಚ್ಚಳ ತಿರುಗಿಸುವುದೂ ಕಷ್ಟ, ಅದು ಸಹಜ. ಆದರೆ ಒಂದೇ ಬೆರಳಿನ ಬುಡದಲ್ಲಿ ಚುಚ್ಚುವ ನೋವು, ಊತ ಇದ್ದರೆ, ಅಥವಾ ಏರುವಾಗ ಬೆರಳಲ್ಲಿ ಟಪ್ಪೆಂದು ಸದ್ದಾಗಿದ್ದರೆ ವೈದ್ಯರಿಗೆ ತೋರಿಸಿ, ಅದು ಸ್ನಾಯುನೋವಲ್ಲ. ಮುಂದಿನ ಸಲ ಹೋಗುವ ಮೊದಲು ಮಂಚದ ಕಾಲಿಗೆ ಒಂದು ದಾರ ಕಟ್ಟಿಕೊಂಡು ಎಂಟರ ಗಂಟನ್ನು ದಿನಕ್ಕೆ ಹತ್ತು ಸಲ ಹಾಕಿ, ಬಿಚ್ಚಿ. ಹಾಕುತ್ತಿರುವಾಗ ಮನೆಯವರು ಯಾರಾದರೂ ಕರೆದರೆ ಗಂಟು ಮುಗಿಸಿಯೇ ಓಗೊಡಿ.